ಸೈನಿಕನ ದೇಹ ಯಾರ ಹೊಣೆ?

2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಸೋನಂ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿಯಿತು. ಹತ್ತೊಂಬತ್ತು ಸಾವಿರ ಅಡಿಗೂ ಎತ್ತರದ ಆ ಜಾಗದಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಯಾರೂ ಬದುಕಿರುವ ಸಾಧ್ಯತೆ ಇಲ್ಲವೆಂದು ಹೇಳಿಯಾದ ಮೇಲೆ, ಆರನೆಯ ದಿನ, ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ತೀರಿಕೊಂಡರು.

ಆ ಮೂರು ದಿನ ನಮ್ಮ ಊರಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಯಾರದೋ ಮನೆಯಲ್ಲಿ ಮೃತ್ಯುಂಜಯ ಜಪ ನಡೆಯಿತು, ಮತ್ತಾರೋ ದೀಪ ಹಚ್ಚಿ ಚಿತ್ರ ಕಳಿಸಿದರು. ದೇವರನ್ನು ಅಷ್ಟಾಗಿ ನಂಬದ ನಾನೂ ಹಚ್ಚಿದೆ. ಅದರಲ್ಲಿ ನಾಟಕವಿರಲಿಲ್ಲ, ನಿಜವಾದ ತಳಮಳವೇ ಇತ್ತು. ನಾಲ್ಕು ವರ್ಷಗಳ ನಂತರ, 2020ರ ಫೆಬ್ರುವರಿಯಲ್ಲಿ, ಮಹಾಲೇಖಪಾಲರ ವರದಿಯೊಂದು ಸಂಸತ್ತಿನ ಮುಂದೆ ಬಂತು. ಸಿಯಾಚಿನ್, ಲಡಾಖ್‌ನಂತಹ ಎತ್ತರದ ನೆಲೆಗಳಲ್ಲಿರುವ ಸೈನಿಕರಿಗೆ ಹಿಮದ ಕನ್ನಡಕ, ಬೂಟು, ಮಲಗುವ ಚೀಲಗಳು ಸಾಲುತ್ತಿಲ್ಲ, ಕೊಟ್ಟವುಗಳಲ್ಲಿ ಕೆಲವು ಹಳೆಯ ನಮೂನೆಯವು, ಬಳಸಿದ ಬೂಟುಗಳನ್ನೇ ಮತ್ತೆ ಹಂಚಲಾಗಿದೆ, ವಿಶೇಷ ಪಡಿತರದ ಬದಲಿ ವ್ಯವಸ್ಥೆಯ ದೋಷದಿಂದ ಕೆಲವು ಕಡೆ ಸೈನಿಕರಿಗೆ ಸಿಗಬೇಕಾದ ಕ್ಯಾಲೊರಿ ಶೇಕಡ 82ರಷ್ಟು ಕಡಿಮೆಯಾಗಿದೆ ಎಂದು ಆ ವರದಿ ಹೇಳಿತ್ತು. ಅದರ ಸುದ್ದಿಯನ್ನು ಅದೇ ಗುಂಪಿಗೆ ಹಾಕಿದೆ. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು, ನನಗಿಂತ ಹಿರಿಯರು, ಬಹಳ ಸೌಜನ್ಯದಿಂದಲೇ ಬರೆದರು: "ಸೇನೆಯ ವಿಷಯದಲ್ಲಿ ರಾಜಕೀಯ ಬೇಡ ಸಾರ್."

ಹನುಮಂತಪ್ಪನವರಿಗಾಗಿ ದೀಪ ಹಚ್ಚುವುದು ರಾಜಕೀಯವಲ್ಲ, ಅವರ ಜೊತೆಗಾರರ ಬೂಟಿನ ಬಗ್ಗೆ ಕೇಳುವುದು ರಾಜಕೀಯ! ಆದರೆ ಈ ಲೇಖನವನ್ನು ನಾನು ಆ ಹಿರಿಯರಿಗಾಗಿ ಬರೆಯುತ್ತಿಲ್ಲ. ಈ ಪತ್ರಿಕೆಯನ್ನು ಓದುವ ನಮ್ಮಂಥವರಿಗಾಗಿ ಬರೆಯುತ್ತಿದ್ದೇನೆ. ಯುದ್ಧವನ್ನು ವಿರೋಧಿಸುವ ನಾವು ಸೈನಿಕನ ವೈದ್ಯಕೀಯವನ್ನು ನಮ್ಮ ವಿಷಯವೆಂದು ಎಂದೂ ಭಾವಿಸಿಲ್ಲ. ಪೌರಕಾರ್ಮಿಕರ ಕೈಗವಸಿನ ಬಗ್ಗೆ, ಗಲ್ಫ್‌ನ ಕಟ್ಟಡ ಕಾರ್ಮಿಕರ ಬಿಸಿಲಿನ ಬಗ್ಗೆ ಬರೆದಿದ್ದೇವೆ. ಸೈನಿಕನ ಮಾತು ಬಂದಾಗ ಮಾತ್ರ ಅದನ್ನು ದೇಶಭಕ್ತರ ವಿಭಾಗಕ್ಕೆ ಬಿಟ್ಟುಕೊಟ್ಟಿದ್ದೇವೆ. ಬೆಟದೂರಿನಂತಹ ಊರುಗಳಿಂದ ಸೇನೆಗೆ ಹೋಗುವ ಹುಡುಗರು ಯಾವ ಮನೆಗಳಿಂದ ಹೋಗುತ್ತಾರೆ ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಸಿಯಾಚಿನ್‌ನಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಹವಾಮಾನ ಮತ್ತು ನೆಲ. ಬಯಲಿನಲ್ಲಿ ಬೆಳೆದ ದೇಹವನ್ನು ದಿಢೀರನೆ ಹನ್ನೊಂದು ಸಾವಿರ ಅಡಿಗೆ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೆದುಳು ಊದಿಕೊಳ್ಳಬಹುದು. ಇದನ್ನು ನಾವು ಕಲಿತದ್ದು ಹೇಗೆ? 1962ರಲ್ಲಿ ಚೀನಾದೊಡನೆ ಯುದ್ಧ ಬಂದಾಗ ಸಾವಿರಾರು ಸೈನಿಕರನ್ನು ತರಾತುರಿಯಲ್ಲಿ ಹಿಮಾಲಯಕ್ಕೆ ಕಳಿಸಲಾಯಿತು. ದೇಹ ಎತ್ತರಕ್ಕೆ ಒಗ್ಗಲು ಸಮಯವಿರಲಿಲ್ಲ. ಅವರಲ್ಲಿ ಕಾಯಿಲೆ ಬಿದ್ದ 1,925 ಮಂದಿಯನ್ನು ಪರೀಕ್ಷಿಸಿ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳಾದ ಸೇನಾ ವೈದ್ಯರು 1969ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಬಂಧ ಪ್ರಕಟಿಸಿದರು. ಪರ್ವತಾರೋಹಿಗಳ ವೈದ್ಯಕೀಯ ಇಂದಿಗೂ ಅದನ್ನು ಉಲ್ಲೇಖಿಸುತ್ತದೆ. ಹಣವಂತರು ಎವರೆಸ್ಟ್ ಹತ್ತಿ ಕ್ಷೇಮವಾಗಿ ಇಳಿಯುವುದರ ಹಿಂದೆ ಹೆಸರಿಲ್ಲದ ಆ ಸಿಪಾಯಿಗಳ ಏದುಸಿರೂ ಇದೆ.

ಈಗ ಭಾರತೀಯ ಸೇನೆಯಲ್ಲಿ ಒಂದು ಕ್ರಮವಿದೆ. ಒಂಬತ್ತರಿಂದ ಹನ್ನೆರಡು ಸಾವಿರ ಅಡಿಯಲ್ಲಿ ಆರು ದಿನ, ಹದಿನೈದು ಸಾವಿರದವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಇನ್ನು ನಾಲ್ಕು ದಿನ. ಈ ಹದಿನಾಲ್ಕು ದಿನಗಳನ್ನು ನಾನು ಔಷಧಿಯೆಂದು ಕರೆಯುವುದಿಲ್ಲ, ದುಡಿಯುವವನ ಹಕ್ಕೆಂದು ಕರೆಯುತ್ತೇನೆ. ಗಣಿಯೊಳಗೆ ಇಳಿಯುವ ಮೊದಲು ಗಾಳಿಯನ್ನು ಪರೀಕ್ಷಿಸಬೇಕೆಂಬ ನಿಯಮದ ಜಾತಿಗೆ ಸೇರಿದ್ದು ಇದು. ಮತ್ತು ಎಲ್ಲ ಅಂತಹ ನಿಯಮಗಳಂತೆ ಇದೂ ತುರ್ತಿನ ಹೆಸರಿನಲ್ಲಿ ಮೊಟಕಾಗುವ ಅಪಾಯದಲ್ಲೇ ಬದುಕುತ್ತದೆ. ಅಷ್ಟು ಎತ್ತರದಲ್ಲಿ ಹವೆ ಕೆಟ್ಟರೆ ಹೆಲಿಕಾಪ್ಟರ್ ಬರುವುದಿಲ್ಲ. ಆಗ ಪಕ್ಕದಲ್ಲಿ ಮಲಗಿರುವ ಜೊತೆಗಾರನೇ ವೈದ್ಯ. ಅವನಿಗೆ ಏನು ಗೊತ್ತಿದೆ, ಏನು ಕಲಿಸಿದ್ದಾರೆ, ಅವನ ಚೀಲದಲ್ಲಿ ಏನಿದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ನಾನು ವೈದ್ಯನಲ್ಲ, ಸೈನಿಕನಂತೂ ಅಲ್ಲ. ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುವವನು. ಆದರೆ ನಾನಿರುವ ಸ್ಯಾನ್ ಆಂಟೋನಿಯೋದಲ್ಲಿ ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಇದೆ. ಅಮೆರಿಕದ ಭೂಸೇನೆಯ ಮೆಡಿಕ್‌ಗಳೆಲ್ಲ, ಅಂದರೆ ತುಕಡಿಯ ಜೊತೆ ಹೋಗಿ ಮೊದಲ ಚಿಕಿತ್ಸೆ ಕೊಡುವವರು, ತರಬೇತಿ ಪಡೆಯುವುದು ಇಲ್ಲೇ, ಸುಮಾರು ಹದಿನಾರು ವಾರ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ರಕ್ತಸ್ರಾವ ನಿಲ್ಲಿಸುವುದನ್ನು ಸಾರ್ವಜನಿಕರಿಗೆ ಕಲಿಸುವ ತರಗತಿ ನಡೆಯಿತು. ಕಲಿಸಿದವನು ಅಫ್ಘಾನಿಸ್ತಾನಕ್ಕೆ ಎರಡು ಬಾರಿ ಹೋಗಿ ಬಂದ ಮಾಜಿ ಮೆಡಿಕ್. ರಬ್ಬರಿನ ಕಾಲೊಂದಕ್ಕೆ ಟೂರ್ನಿಕೆಟ್ ಪಟ್ಟಿ ಕಟ್ಟಿ, ಕಡ್ಡಿ ತಿರುಗಿಸಿ ಬಿಗಿಯುವುದನ್ನು ತೋರಿಸಿದ. ನಾನು ಅಂಜುತ್ತ ಸಡಿಲವಾಗಿ ಕಟ್ಟಿದೆ. "ನೋವಾಗಬೇಕು," ಎಂದ, "ನೋವಾಗದಿದ್ದರೆ ನೀವು ಕಟ್ಟಿಲ್ಲ." ತರಗತಿಯಲ್ಲಿ ಇದ್ದವರಲ್ಲಿ ಅರ್ಧಕ್ಕರ್ಧ ಶಾಲಾ ಶಿಕ್ಷಕರು. ಇರಾಕಿನ ರಸ್ತೆಬದಿಯ ಬಾಂಬಿಗೆ ಕಂಡುಕೊಂಡ ಉಪಾಯ ಇಲ್ಲಿ ನಾಲ್ಕನೆಯ ಇಯತ್ತೆಯ ಕೋಣೆಗೆ ಬಂದಿರುವುದು ಈ ದೇಶದ ಬಗ್ಗೆ ಬೇರೆಯೇ ಒಂದು ಲೇಖನ ಬೇಡುತ್ತದೆ.

ಆ ಪಟ್ಟಿಯ ಚರಿತ್ರೆಯನ್ನು ಆಮೇಲೆ ಓದಿಕೊಂಡೆ. ಕೈಕಾಲಿಗೆ ಗಾಯವಾಗಿ ರಕ್ತ ಸೋರಿ ಸಾಯುವುದು ರಣರಂಗದ ಅತ್ಯಂತ ಹಳೆಯ ಸಾವು. ಬಿಗಿಯಾಗಿ ಕಟ್ಟುವುದು ಅದಕ್ಕೆ ಅಷ್ಟೇ ಹಳೆಯ ಉಪಾಯ. ಆದರೆ ಕಟ್ಟಿದರೆ ಆ ಅಂಗವನ್ನೇ ಕತ್ತರಿಸಬೇಕಾಗುತ್ತದೆ ಎಂಬ ಭಯವನ್ನು ದಶಕಗಳ ಕಾಲ ಪಾಠವಾಗಿ ಹೇಳಿಕೊಡಲಾಯಿತು. 1996ರಲ್ಲಿ ಫ್ರಾಂಕ್ ಬಟ್ಲರ್ ಎಂಬ ನೌಕಾಪಡೆಯ ವೈದ್ಯರು ಸಹಲೇಖಕರೊಡನೆ ಬರೆದ ಪ್ರಬಂಧ ಈ ಪಾಠವನ್ನು ಪ್ರಶ್ನಿಸಿತು. ಗುಂಡು ಹಾರುತ್ತಿರುವಾಗ ಮಾಡಬೇಕಾದ ಚಿಕಿತ್ಸೆ ಬೇರೆ, ಆಸ್ಪತ್ರೆಯಲ್ಲಿ ಮಾಡುವುದು ಬೇರೆ, ರಣರಂಗದಲ್ಲಿ ಮೊದಲು ರಕ್ತ ನಿಲ್ಲಿಸಿ ಎಂಬುದು ಅದರ ತಿರುಳು. ಇಷ್ಟು ಸರಳವಾದ ಮಾತು ಸಣ್ಣ ವಿಶೇಷ ಪಡೆಗಳನ್ನು ದಾಟಿ ಸಾಮಾನ್ಯ ಸೈನಿಕನನ್ನು ತಲುಪಲು ಒಂದು ದಶಕ ಹಿಡಿಯಿತು. 2003ರಲ್ಲಿ ಇರಾಕಿಗೆ ನುಗ್ಗಿದ ಸೈನಿಕರಲ್ಲಿ ಬಹುಪಾಲು ಮಂದಿಯ ಬಳಿ ಆ ಪಟ್ಟಿ ಇರಲಿಲ್ಲ. ಅದರ ಬೆಲೆ ಸುಮಾರು ಇಪ್ಪತ್ತು ಡಾಲರ್. ಲಕ್ಷಾಂತರ ಕೋಟಿ ಖರ್ಚಿನ ಯುದ್ಧದಲ್ಲಿ!

ಇಲ್ಲಿ ನನಗೆ ಮುಖ್ಯವೆನಿಸುವುದು ಪಟ್ಟಿಯಲ್ಲ, ಲೆಕ್ಕ. 2001ರಿಂದ 2011ರವರೆಗೆ ಸತ್ತ 4,596 ಅಮೆರಿಕನ್ ಸೈನಿಕರ ಶವಪರೀಕ್ಷೆ ಮತ್ತಿತರ ದಾಖಲೆಗಳನ್ನು ಸೇನಾ ವೈದ್ಯರ ತಂಡವೊಂದು ಒಂದೊಂದಾಗಿ ಪರಿಶೀಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಶೇಕಡ 87 ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದರು. ಹಾಗೆ ಸತ್ತವರಲ್ಲಿ ಸುಮಾರು ಕಾಲು ಭಾಗ, ಅಂದರೆ 976 ಮಂದಿ, ಬದುಕುಳಿಯುವ ಸಾಧ್ಯತೆ ಇತ್ತು. ಅವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯನ್ನು ಕೊಂದದ್ದು ರಕ್ತಸ್ರಾವ. ತಮ್ಮದೇ ಸಂಸ್ಥೆಯ ವೈಫಲ್ಯವನ್ನು ಅಂಕಿಯಲ್ಲಿ ಬರೆದು ಲೋಕದ ಮುಂದಿಟ್ಟ ಆ ವೈದ್ಯರ ಧೈರ್ಯವನ್ನು ಮೆಚ್ಚಬೇಕು. ಇದರ ಪಕ್ಕದಲ್ಲೇ ಇನ್ನೊಂದು ಅಧ್ಯಯನವಿದೆ. ಎಪ್ಪತ್ತೈದನೆಯ ರೇಂಜರ್ ರೆಜಿಮೆಂಟಿನಲ್ಲಿ ಅಡುಗೆಯವನಿಂದ ಕಮಾಂಡರ್‌ವರೆಗೆ ಪ್ರತಿಯೊಬ್ಬನಿಗೂ ಗಾಯಾಳುವಿನ ಆರೈಕೆ ಕಲಿಸಲಾಗಿತ್ತು. ಅದನ್ನು ವೈದ್ಯರ ಜವಾಬ್ದಾರಿ ಎನ್ನದೆ ದಂಡನಾಯಕನ ಜವಾಬ್ದಾರಿ ಎಂದೇ ಪರಿಗಣಿಸಲಾಗಿತ್ತು. 2001ರಿಂದ 2010ರವರೆಗೆ ಆ ರೆಜಿಮೆಂಟಿನ 419 ಮಂದಿ ಯುದ್ಧದಲ್ಲಿ ಗಾಯಗೊಂಡರು, 32 ಮಂದಿ ಸತ್ತರು. ಆ ಸಾವುಗಳಲ್ಲಿ ಆಸ್ಪತ್ರೆಗೆ ಮೊದಲಿನ ಆರೈಕೆಯಿಂದ ತಪ್ಪಿಸಬಹುದಾಗಿದ್ದುದು ಒಂದೂ ಇರಲಿಲ್ಲ. ಒಂದೇ ಸೇನೆ, ಒಂದೇ ಯುದ್ಧ. ಒಂದು ಕಡೆ ಸೊನ್ನೆ, ಒಟ್ಟು ಲೆಕ್ಕದಲ್ಲಿ 976. ವ್ಯತ್ಯಾಸ ಶೌರ್ಯದ್ದಲ್ಲ, ತರಬೇತಿಯದು.

ಭಾರತೀಯ ಸೇನೆಯಲ್ಲೂ ಕಾಲಾಳು ಸೈನಿಕರಿಗೆ ರಣರಂಗದ ಶುಶ್ರೂಷೆಯ ತರಬೇತಿ ಕೊಡುವ ವ್ಯವಸ್ಥೆ ಇದೆ. ಅದರ ವೈದ್ಯರ ಸಾಮರ್ಥ್ಯವನ್ನು ಇಂದರ್ ಸಿಂಗ್ ಅವರ ಪ್ರಬಂಧವೇ ಹೇಳುತ್ತದೆ. ನನ್ನ ಪ್ರಶ್ನೆ ಬೇರೆ. ಕಾರ್ಗಿಲ್‌ನಲ್ಲಿ, ಸಿಯಾಚಿನ್‌ನಲ್ಲಿ, ಗಲ್ವಾನ್‌ನಲ್ಲಿ ಸತ್ತವರಲ್ಲಿ ಎಷ್ಟು ಮಂದಿ ಬದುಕಬಹುದಿತ್ತು ಎಂಬ ಲೆಕ್ಕವನ್ನು ಸಂಸತ್ತಿನ ಮುಂದಿಡಿ ಎಂದು ನಮ್ಮಲ್ಲಿ ಯಾರಾದರೂ ಕೇಳಿದ್ದೇವೆಯೇ? 'ಹುತಾತ್ಮ' ಎಂಬ ಪದವೇ ಆ ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆ. ಹುತಾತ್ಮನಾದವನು ದೇಶಕ್ಕಾಗಿ ಸತ್ತ. ಅವನು ಪ್ರಾಣ ಕೊಟ್ಟ ಎಂದಮೇಲೆ ಆ ಪ್ರಾಣವನ್ನು ಉಳಿಸಬಹುದಿತ್ತೇ ಎಂದು ಕೇಳುವುದು ಅವನ ದಾನಕ್ಕೇ ಅವಮಾನವೆಂಬಂತೆ ಕೇಳಿಸುತ್ತದೆ.

ನಮ್ಮ ಬಳಗದೊಳಗಿನ ಆಕ್ಷೇಪವೊಂದನ್ನು ಇಲ್ಲಿ ಎದುರಿಸಲೇಬೇಕು. ಈ ಲೇಖನದ ಕರಡು ಓದಿದ ಗೆಳತಿಯೊಬ್ಬಳು ಕೇಳಿದಳು: ಸೈನಿಕನ ವೈದ್ಯಕೀಯ ಸುಧಾರಿಸಿದಷ್ಟೂ ಯುದ್ಧ ಸುಲಭವಾಗುವುದಿಲ್ಲವೇ? ಶವಪೆಟ್ಟಿಗೆ ಕಡಿಮೆ ಬಂದಷ್ಟೂ ಪ್ರಜೆಗಳ ಪ್ರತಿಭಟನೆಯೂ ಕಡಿಮೆಯಾಗುವುದಿಲ್ಲವೇ? ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಹೆನ್ರಿ ಡ್ಯೂನಾಂಟ್ ಗಾಯಾಳುಗಳ ಸೇವೆಗೆ ಸ್ವಯಂಸೇವಕ ಸಂಘ ಕಟ್ಟಲು ಹೊರಟಾಗ ಫ್ಲಾರೆನ್ಸ್ ನೈಟಿಂಗೇಲ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಸರ್ಕಾರಗಳು ಹೊರಬೇಕಾದ ಹೊಣೆಯನ್ನು ಬೇರೆಯವರು ಹೊತ್ತರೆ ಯುದ್ಧ ಮಾಡುವುದು ಅವುಗಳಿಗೆ ಸುಲಭವಾಗುತ್ತದೆ. 2009ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಅಫ್ಘಾನಿಸ್ತಾನದಲ್ಲಿ ತೀವ್ರವಾಗಿ ಗಾಯಗೊಂಡ ಪ್ರತಿ ಸೈನಿಕನನ್ನೂ ಅರವತ್ತು ನಿಮಿಷದೊಳಗೆ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕೆಂದು ಆದೇಶಿಸಿದರು. ಸಾವು ಇಳಿಯಿತು. ಯುದ್ಧ ಇನ್ನೂ ಹನ್ನೆರಡು ವರ್ಷ ನಡೆಯಿತು.

ಆದರೂ ನಾನು ಆ ಗೆಳತಿಯ ತೀರ್ಮಾನವನ್ನು ಒಪ್ಪಲಾರೆ. ಯುದ್ಧ ದುಬಾರಿಯಾಗಲಿ ಎಂದು ಹಾವೇರಿಯ ಅಥವಾ ಅಲಬಾಮದ ಹತ್ತೊಂಬತ್ತರ ಹುಡುಗನೊಬ್ಬ ರಕ್ತ ಸೋರಿ ಸಾಯಲಿ ಎನ್ನುವುದು ಯಾವ ಬಗೆಯ ಶಾಂತಿವಾದ? ನೈಟಿಂಗೇಲ್ ಮಾತಿನ ಇನ್ನೊಂದು ತುದಿಯನ್ನು ನಾವು ಹಿಡಿಯಬೇಕು. ಹೊಣೆಯನ್ನು ಸರ್ಕಾರದ ಹೆಗಲ ಮೇಲೇ ಇಡಬೇಕು. ಪ್ರತಿ ಗಾಯದ, ಪ್ರತಿ ಸಾವಿನ, ಯುದ್ಧ ಮುಗಿದ ನಲವತ್ತು ವರ್ಷಗಳ ಚಿಕಿತ್ಸೆಯ ಪೂರ್ಣ ವೆಚ್ಚವನ್ನು ಯುದ್ಧದ ಖರ್ಚಿನ ಪಟ್ಟಿಯಲ್ಲೇ ಕಾಣಿಸಬೇಕು. ಅಗ್ಗವಾಗುವುದು ಚಿಕಿತ್ಸೆ ಕೊಡುವುದರಿಂದಲ್ಲ, ಚಿಕಿತ್ಸೆಯನ್ನು ತಪ್ಪಿಸಿಕೊಳ್ಳುವುದರಿಂದ.

ತಪ್ಪಿಸಿಕೊಳ್ಳುವ ಕಲೆಯಲ್ಲಿ ಅಮೆರಿಕ ಯಾರಿಗೂ ಕಡಿಮೆಯಿಲ್ಲ. 1950ರಲ್ಲಿ ಇಲ್ಲಿನ ಸರ್ವೋಚ್ಚ ನ್ಯಾಯಾಲಯ ಫೆರೆಸ್ ಪ್ರಕರಣದಲ್ಲಿ, ಸೇವೆಗೆ ಸಂಬಂಧಿಸಿದ ಗಾಯಕ್ಕಾಗಿ ಸೈನಿಕ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ ಎಂದಿತು. ಅದರೊಡನೆ ತೀರ್ಮಾನವಾದ ಇನ್ನೊಂದು ಪ್ರಕರಣದಲ್ಲಿ ಸೇನಾ ಶಸ್ತ್ರವೈದ್ಯರು ಸೈನಿಕನ ಹೊಟ್ಟೆಯೊಳಗೆ ಟವೆಲ್ ಒಂದನ್ನು ಬಿಟ್ಟು ಹೊಲಿದಿದ್ದರು. ಮೂವತ್ತು ಇಂಚು ಉದ್ದ, ಹದಿನೆಂಟು ಇಂಚು ಅಗಲ. ಅದರ ಮೇಲೆ ಸೇನೆಯ ವೈದ್ಯಕೀಯ ಇಲಾಖೆಯ ಮುದ್ರೆಯೂ ಇತ್ತು. ಸಾಕ್ಷ್ಯ ಇದಕ್ಕಿಂತ ಸ್ಪಷ್ಟವಾಗಿರಲು ಸಾಧ್ಯವೇ? ಅವನಿಗೂ ಪರಿಹಾರದ ದಾವೆಯ ಹಕ್ಕಿಲ್ಲ ಎಂದಾಯಿತು. ಸುಮಾರು ಎಪ್ಪತ್ತು ವರ್ಷಗಳ ಬಳಿಕ, 2019ರ ಕೊನೆಯಲ್ಲಿ, ಸೇನಾ ಆಸ್ಪತ್ರೆಯ ವೈದ್ಯಕೀಯ ನಿರ್ಲಕ್ಷ್ಯಕ್ಕೆ ರಕ್ಷಣಾ ಇಲಾಖೆಗೇ ಅರ್ಜಿ ಹಾಕಿಕೊಳ್ಳುವ ಕಿಂಡಿಯೊಂದನ್ನು ಕಾಂಗ್ರೆಸ್ ತೆರೆಯಿತು. ನ್ಯಾಯಾಲಯದ ಬಾಗಿಲು ಇನ್ನೂ ಮುಚ್ಚಿದೆ. ಯುದ್ಧಭೂಮಿಯ ಚಿಕಿತ್ಸೆ ಆ ಕಿಂಡಿಯ ಆಚೆಗೇ ಉಳಿದಿದೆ. ಇರಾಕ್, ಅಫ್ಘಾನಿಸ್ತಾನದ ನೆಲೆಗಳಲ್ಲಿ ಪ್ಲಾಸ್ಟಿಕ್ಕು, ಬ್ಯಾಟರಿ, ಆಸ್ಪತ್ರೆ ಕಸವನ್ನೆಲ್ಲ ಬಯಲು ಗುಂಡಿಯಲ್ಲಿ ಸುಟ್ಟ ಹೊಗೆ ಕುಡಿದವರ ಕಾಯಿಲೆಗಳನ್ನು ಸೇವೆಯಿಂದ ಬಂದವೆಂದು ಭಾವಿಸುವ ಕಾನೂನು ಬಂದದ್ದು 2022ರ ಆಗಸ್ಟಿನಲ್ಲಿ, ಕೊನೆಯ ವಿಮಾನ ಕಾಬೂಲು ಬಿಟ್ಟು ವರ್ಷವಾಗುತ್ತ ಬಂದಾಗ. ಆ ಅರವತ್ತು ನಿಮಿಷದ ಹೆಲಿಕಾಪ್ಟರ್ ಹಾರಿದ್ದೂ ಎಲ್ಲರಿಗಾಗಿ ಅಲ್ಲ. ಅಮೆರಿಕದ ಹಣದಲ್ಲಿ, ಅಮೆರಿಕದ ಅಧಿಕಾರಿಗಳ ಮಾರ್ಗದರ್ಶನದಲ್ಲಿ ನಡೆಯುತ್ತಿದ್ದ ಕಾಬೂಲಿನ ದಾವೂದ್ ಸೇನಾ ಆಸ್ಪತ್ರೆಯಲ್ಲಿ ಗಾಯಗೊಂಡ ಅಫ್ಘನ್ ಸೈನಿಕರು ಲಂಚ ಕೊಡಲಾಗದೆ, ಅನ್ನವಿಲ್ಲದೆ, ಹುಣ್ಣಿನಲ್ಲಿ ಹುಳುವಾಗಿ ಬಿದ್ದಿದ್ದರು. 2012ರಲ್ಲಿ ಕಾಂಗ್ರೆಸ್ಸಿನ ಸಮಿತಿ ಆ ಬಗ್ಗೆ ವಿಚಾರಣೆ ನಡೆಸಿತು. ಒಂದೇ ಶತ್ರುವಿನ ಗುಂಡು ತಗುಲಿದ ಎರಡು ದೇಹಗಳು.

ಭಾರತದಲ್ಲಿ ತಪ್ಪಿಸಿಕೊಳ್ಳುವ ಬಗೆ ಬೇರೆ. ಅದು ಕಡತದ ಮೂಲಕ. ಸೇರುವಾಗ ಆರೋಗ್ಯವಂತನೆಂದು ದಾಖಲಾದ ಸೈನಿಕನಿಗೆ ಮುಂದೆ ಕಾಯಿಲೆ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತು ಮಾಡುವ ಹೊರೆ ಸರ್ಕಾರದ್ದು ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆಮೇಲೂ ಅಂಗವೈಕಲ್ಯ ಪಿಂಚಣಿಗಾಗಿ ಮಾಜಿ ಸೈನಿಕರು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವುದು ನಿಂತಿಲ್ಲ. ಅವರು ಗೆದ್ದರೆ ಸರ್ಕಾರ ಮೇಲ್ಮನವಿ ಹಾಕುವುದೂ ನಿಂತಿಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ದುಡಿದು ಹೊರಬರುವ ಮುಕ್ಕಾಲು ಪಾಲು ಹುಡುಗರಿಗೆ ಪಿಂಚಣಿಯೂ ಇಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲ. ಸೇವೆಯಲ್ಲಿ ಅಂಗ ಕಳೆದುಕೊಂಡರೆ ಶೇಕಡ 50, 75, 100 ಎಂಬ ಮೂರು ದರ್ಜೆಗೆ 15, 25, 44 ಲಕ್ಷ ರೂಪಾಯಿಗಳ ಒಂದು ಬಾರಿಯ ಮೊತ್ತವಿದೆ. ಮೊಣಕಾಲು ಸವೆದು, ಕಿವಿ ಮಂದವಾಗಿ, ರಾತ್ರಿ ನಿದ್ದೆ ಬಾರದೆ ಇಪ್ಪತ್ತೈದನೆಯ ವಯಸ್ಸಿಗೆ ಊರಿಗೆ ಮರಳುವವನು ಈ ಮೂರು ಪೆಟ್ಟಿಗೆಗಳಲ್ಲಿ ಯಾವುದರಲ್ಲಿ ಕೂರಬೇಕು? ನಾಲ್ಕು ವರ್ಷದ ಗುತ್ತಿಗೆಯ ದೇಹಕ್ಕೆ ನಲವತ್ತು ವರ್ಷಗಳ ಪರಿಣಾಮವಿರುತ್ತದೆ ಎಂಬುದು ಗುತ್ತಿಗೆ ಬರೆದವರಿಗೆ ಗೊತ್ತಿಲ್ಲದ್ದಲ್ಲ. ಗುತ್ತಿಗೆಯ ಅನುಕೂಲವೇ ಅದು.

ತರಬೇತಿಯಲ್ಲೇ ಮುರಿದುಹೋದವರ ಸ್ಥಿತಿ ಇನ್ನೂ ವಿಚಿತ್ರ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಡೆಹ್ರಾಡೂನಿನ ಸೇನಾ ಅಕಾಡೆಮಿಗಳಲ್ಲಿ ಗಾಯಗೊಂಡು ಹೊರಬಿದ್ದ ಕೆಡೆಟ್‌ಗಳು 1985ರಿಂದ ಈಚೆಗೆ ಸುಮಾರು 500 ಮಂದಿ. ಅಧಿಕಾರಿಯಾಗಿ ನೇಮಕವಾಗುವ ಮೊದಲೇ ಬಿದ್ದ ಕಾರಣ ಅವರು ಕಾಗದದ ಮೇಲೆ ಮಾಜಿ ಸೈನಿಕರೇ ಅಲ್ಲ. ಬೆನ್ನುಮೂಳೆ ಮುರಿದು ಗಾಲಿಕುರ್ಚಿಯಲ್ಲಿರುವವರೂ ಅವರಲ್ಲಿದ್ದಾರೆ. ಪತ್ರಿಕಾ ವರದಿ ಓದಿ 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು. ವಿಚಾರಣೆ ಆರಂಭಿಸಿದ್ದು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ. ಅದೇ ತಿಂಗಳಲ್ಲಿ ಸರ್ಕಾರ ಅವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಸೌಲಭ್ಯ ಒದಗಿಸಿತು. ನಾಲ್ಕು ದಶಕ ಅಸಾಧ್ಯವಾಗಿದ್ದುದು ಕೆಲವೇ ದಿನಗಳಲ್ಲಿ ಸಾಧ್ಯವಾಯಿತು. ಯಾರೋ ಕೇಳಿದ್ದರಿಂದ.

ಯುದ್ಧಕಾಲದಲ್ಲಿ ಇಂತಹ ಪ್ರಶ್ನೆ ಸೈನಿಕರ ಮನೋಬಲ ಕುಗ್ಗಿಸುತ್ತದೆ ಎನ್ನುವವರು ಸೈನಿಕನನ್ನು ತೀರಾ ಬಾಲಿಶನೆಂದು ಭಾವಿಸಿದ್ದಾರೆ. ತನ್ನ ಚೀಲದಲ್ಲಿ ಪಟ್ಟಿ ಇದೆಯೋ ಇಲ್ಲವೋ ಅವನಿಗೆ ಗೊತ್ತು. ಗೊತ್ತಿಲ್ಲದಿರುವುದು ನಮಗೆ. ಬಜೆಟ್ಟಿನ ಮೊತ್ತ ಕೇಳಿ ಹೆಮ್ಮೆಪಡುವ, ಯುದ್ಧವಿಮಾನದ ವೇಗವನ್ನು ಬಾಯಿಪಾಠ ಹೇಳುವ ಅನಿವಾಸಿಗಳಲ್ಲಿ, ಗಾಯಗೊಂಡವನನ್ನು ಲೇಹ್‌ನ ಆಸ್ಪತ್ರೆಗೆ ಇಳಿಸಲು ಎಷ್ಟು ಹೊತ್ತು ಬೇಕೆಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಮೊನ್ನೆಮೊನ್ನೆಯವರೆಗೆ ನಾನೂ ಕೇಳಿದವನಲ್ಲ.

ನಮ್ಮ ಕನ್ನಡ ಸಂಘ ಪ್ರತಿ ಆಗಸ್ಟಿನಲ್ಲಿ ವೀರಯೋಧರಿಗೆ ನಮನ ಎಂಬ ಕಾರ್ಯಕ್ರಮ ನಡೆಸುತ್ತದೆ. ಮಕ್ಕಳು ಸೈನಿಕರ ವೇಷ ತೊಟ್ಟು ಹಿಮದಂತೆ ಹತ್ತಿ ಹಾಸಿದ ವೇದಿಕೆಯ ಮೇಲೆ ಬೀಳುತ್ತಾರೆ, ಸಭೆ ಎದ್ದು ನಿಲ್ಲುತ್ತದೆ. ಈ ಬಾರಿ ಆ ನಾಟಕದ ಅರ್ಧ ಗಂಟೆಯನ್ನು ನಿವೃತ್ತ ಸೇನಾ ವೈದ್ಯರೊಬ್ಬರಿಗೆ ಕೊಡೋಣ, ಬಂದವರು ಒಬ್ಬೊಬ್ಬರೂ ಪಟ್ಟಿ ಕಟ್ಟುವುದನ್ನು ಕಲಿಯೋಣ, ಕೊನೆಗೆ ಮಹಾಲೇಖಪಾಲರ ವರದಿಯ ಮೇಲೆ ಏನು ಕ್ರಮವಾಗಿದೆ ಎಂದು ಕೇಳಿ ಕರ್ನಾಟಕದ ಸಂಸದರಿಗೆ ಪತ್ರ ಬರೆದು ಸಹಿ ಹಾಕೋಣ ಎಂದು ಸಮಿತಿಗೆ ಮಿಂಚಂಚೆ ಕಳಿಸಿದ್ದೇನೆ. ಅಧ್ಯಕ್ಷರು ಫೋನ್ ಮಾಡಿ, ಪಟ್ಟಿ ಕಟ್ಟುವುದು ಒಳ್ಳೆಯದೇ, ಪತ್ರದ ವಿಷಯ ಮಾತ್ರ ಸಮಿತಿಯಲ್ಲಿ ಚರ್ಚಿಸಬೇಕು ಎಂದಿದ್ದಾರೆ. ಸಭೆಯ ದಿನಾಂಕ ಇನ್ನೂ ಗೊತ್ತಾಗಿಲ್ಲ.